ಬಾವಿಯ ನೀರಿನಲ್ಲಿ ಪೆಟ್ರೋಲಿನ ವಾಸನೆ

ಮನೆಗೆ ನೀರು ತರುವ ಗೃಹಿಣಿಯೇ ಆ ನೀರಿನ ಮೊದಲ ಪರೀಕ್ಷಕಳು. ಸೇದಿದ ಕೊಡದಲ್ಲಿ ಎಂದೂ ಇಲ್ಲದ ಪೆಟ್ರೋಲಿನ ವಾಸನೆ ಬಂದಿತೆಂದು ಆಕೆ ಹೇಳಿದರೆ, ಪತಿಯಾದವರು ಅದನ್ನು ಬರಿಯ ಅನುಮಾನವೆಂದು ತಳ್ಳಿಹಾಕಬಾರದು. ನೀರಿನ ಮೇಲೆ ಬಣ್ಣಬಣ್ಣದ ಪದರ ಮಾತ್ರ ಕಂಡರೆ ಒಂದು ಕಡ್ಡಿಯಿಂದ ಕಲಕಿ ನೋಡಿರಿ. ಕಬ್ಬಿಣದ ಅಂಶದಿಂದಾದ ಪದರವು ಚೂರುಚೂರಾಗಿ ಒಡೆಯುತ್ತದೆ. ಎಣ್ಣೆಯ ಪದರವು ಮತ್ತೆ ಕೂಡಿಕೊಳ್ಳುತ್ತದೆ.

ಪೆಟ್ರೋಲ್ ಬಂಕುಗಳಲ್ಲಿ ನೆಲದಡಿಯ ತೊಟ್ಟಿಯಾಗಲಿ ಕೊಳವೆಯಾಗಲಿ ತುಕ್ಕು ಹಿಡಿದು ಸೋರಿದಾಗ, ಪೆಟ್ರೋಲು ಮಣ್ಣಿನಲ್ಲಿಳಿದು ಅಂತರ್ಜಲವನ್ನು ಮುಟ್ಟುತ್ತದೆ. ಅದು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲುತ್ತದೆ. ಆದರೆ ಅದರ ಕೆಲವು ಅಂಶಗಳು ನೀರಿನಲ್ಲಿ ಕರಗಿ ದೂರ ಸಾಗುತ್ತವೆ. ಅಮೆರಿಕದ ಸಾಂಟಾ ಮೋನಿಕಾ ನಗರದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಒಂದು ರಾಸಾಯನಿಕವು ಅಂತರ್ಜಲವನ್ನು ಸೇರಿ, 1996ರಲ್ಲಿ ನಗರಕ್ಕೆ ಸುಮಾರು ಅರ್ಧದಷ್ಟು ನೀರನ್ನೊದಗಿಸುತ್ತಿದ್ದ ಬಾವಿಗಳನ್ನೇ ಮುಚ್ಚಬೇಕಾಯಿತು.

ಕರಗುವ ಅಂಶಗಳಲ್ಲಿ ಬೆಂಜೀನ್ ಅತ್ಯಂತ ಅಪಾಯಕರ. ದೀರ್ಘಕಾಲ ದೇಹವನ್ನು ಸೇರಿದರೆ ಅದು ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯನ್ನು ಕುಂದಿಸುತ್ತದೆ. ರಕ್ತದ ಕ್ಯಾನ್ಸರಿಗೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವ ಮಿತಿ ಒಂದು ಲೀಟರ್ ನೀರಿಗೆ 10 ಮೈಕ್ರೋಗ್ರಾಂ. ಪೆಟ್ರೋಲಿನಲ್ಲಿ ಶೇಕಡಾ 1ರಷ್ಟು ಬೆಂಜೀನ್ ಇದ್ದರೆ, ಒಂದೇ ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನು 8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಮಿತಿಯ ಹಲವು ಪಟ್ಟು ಇದ್ದಾಗಲೂ ಬೆಂಜೀನ್ ಮೂಗಿಗೆ ತಿಳಿಯದಿರಬಹುದು. ಆದುದರಿಂದ ವಾಸನೆ ಹೋಯಿತೆಂದರೆ ನೀರು ಶುದ್ಧವಾಯಿತೆಂದು ಅರ್ಥವಲ್ಲ.

ನೀರನ್ನು ಕುದಿಸಿ ಕುಡಿಯಿರೆಂದು ನಾವೇ ಹೇಳುತ್ತ ಬಂದಿದ್ದೇವೆ. ಇಲ್ಲಿ ಮಾತ್ರ ಆ ಮಾತು ಸಲ್ಲದು. ಕುದಿಸಿದಾಗ ಆವಿಯಾದ ಪೆಟ್ರೋಲು ಅಡುಗೆಮನೆಯ ಗಾಳಿಯನ್ನು ಸೇರುತ್ತದೆ. ಒಲೆಯ ಬಳಿ ಬೆಂಕಿಯ ಭಯವೂ ಉಂಟು. ಬಿಸಿನೀರಿನ ಸ್ನಾನವೂ ಬೇಡ. ಗರ್ಭಿಣಿಯರಿಗೆ, ಮಕ್ಕಳಿಗೆ ಕೂಡಲೇ ಬೇರೆ ನೀರನ್ನು ಒದಗಿಸಿರಿ. ಆರು ತಿಂಗಳೊಳಗಿನ ಕೂಸಿಗಾದರೋ ತಾಯಿಯ ಹಾಲೊಂದೇ ಸಾಕು, ನೀರೇ ಬೇಕಿಲ್ಲ.

ಬಳಿಕ ಗ್ರಾಮ ಪಂಚಾಯತಿಗೆ ಲಿಖಿತವಾಗಿ ತಿಳಿಸಿರಿ. ಪತ್ರದಲ್ಲಿ ಪೆಟ್ರೋಲಿನ ಸಂಶಯವನ್ನು ಸ್ಪಷ್ಟವಾಗಿ ಬರೆಯುವುದು ಅವಶ್ಯ; ಫ್ಲೋರೈಡ್, ನೈಟ್ರೇಟ್‌ಗಳನ್ನು ಅಳೆಯುವ ಸಾಮಾನ್ಯ ಪೆಟ್ಟಿಗೆಯಿಂದ ಬೆಂಜೀನ್ ತಿಳಿಯದು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಟ್ಟು ಒಯ್ಯಬೇಕು. ಸೀಮೆಎಣ್ಣೆಯ ಹಳೆಯ ಸೀಸೆಯಲ್ಲಿ ಒಯ್ದರೆ ಶ್ರಮವೆಲ್ಲ ವ್ಯರ್ಥ.

ಒಂದು ಸಲದ ಪರೀಕ್ಷೆಯಿಂದ ತೃಪ್ತರಾಗಬೇಡಿರಿ. ಮಳೆಗಾಲದಲ್ಲಿ ನೀರಿನ ಮಟ್ಟವು ಏರಿ, ಬೇಸಿಗೆಯಲ್ಲಿ ಇಳಿಯುವಾಗ ಮಣ್ಣಿನಲ್ಲಿ ಸಿಕ್ಕಿಕೊಂಡ ಪೆಟ್ರೋಲು ಮತ್ತೆ ಮತ್ತೆ ತೊಳೆದು ಬರಬಹುದು. ಆದ್ದರಿಂದಲೇ ತಜ್ಞರು ಸೋರಿಕೆಯ ಸ್ಥಳಕ್ಕೂ ಕುಡಿಯುವ ಬಾವಿಗೂ ನಡುವೆ ಕಿರಿದಾದ ವೀಕ್ಷಣಾ ಬಾವಿಗಳನ್ನು ಕೊರೆದು ಋತುಋತುವಿಗೂ ಮಾದರಿ ತೆಗೆಯುತ್ತಾರೆ. ಕನಿಷ್ಠ 3 ಬಾವಿಗಳ ನೀರಿನ ಮಟ್ಟವನ್ನು ಹೋಲಿಸಿ ಅಂತರ್ಜಲವು ಹರಿಯುವ ದಿಕ್ಕನ್ನು ಅಂದಾಜು ಮಾಡುತ್ತಾರೆ. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆಯಲ್ಲಿ ನೀರು ಬಿರುಕುಗಳ ದಾರಿಯನ್ನೇ ಹಿಡಿಯುವುದರಿಂದ, ಹತ್ತಿರದ ಬಾವಿ ಉಳಿದು ದೂರದ ಬಾವಿ ಕೆಡುವುದೂ ಸಾಧ್ಯ.

ಸೋರಿಕೆ ಬಂಕಿನದೇ ಆಗಿರಬೇಕೆಂದಿಲ್ಲ. ಔಷಧಿ ಸಿಂಪಡಿಸುವ ಯಂತ್ರಕ್ಕೆ ಬಾವಿಕಟ್ಟೆಯ ಮೇಲೆಯೇ ಪೆಟ್ರೋಲು ಸುರಿಯುವ, ಖಾಲಿ ಡಬ್ಬವನ್ನು ಅಲ್ಲಿಯೇ ತೊಳೆಯುವ ಅಭ್ಯಾಸ ಅನೇಕರಲ್ಲಿದೆ. ಆ ಕೆಲಸವನ್ನು ಬಾವಿಯಿಂದ ದೂರದಲ್ಲಿ, ಕೆಳಗೆ ಒಂದು ತಟ್ಟೆಯನ್ನಿಟ್ಟು ಮಾಡಿರಿ.