ಬರಗಾಲದಲ್ಲಿ ಎಲೆ ಬಾಯಿ ಮುಚ್ಚುವ ಬಗೆ

ಮಳೆ ತಡೆದಾಗ ರಾಗಿ, ಶೇಂಗಾ ಮುಂತಾದ ಬೆಳೆಗಳು ಪತ್ರರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸಿಕೊಳ್ಳುತ್ತವೆ. ಆಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತದೆ. ಇದರಿಂದ ರಂಧ್ರದ ಕಾವಲು ಕೋಶಗಳಲ್ಲಿ ಕೆಲವು ಕಿರು ಅಣುಗಳು ಉಂಟಾಗುತ್ತವೆ. ಕೋಶರಸದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ಕೋಶದೊಳಗಿನ ಉಗ್ರಾಣಗಳಲ್ಲಿ ಸಾವಿರಾರು ಪಟ್ಟು ಹೆಚ್ಚು. ಕಿರು ಅಣುಗಳು ಉಗ್ರಾಣದ ಬಾಗಿಲು ತೆರೆಯುತ್ತವೆ. ಕ್ಯಾಲ್ಸಿಯಂ ಏರಿದೊಡನೆ ಪೊಟ್ಯಾಷ್ ಮತ್ತು ನೀರು ಹೊರಹೋಗಿ, ಕೋಶಗಳು ಕುಗ್ಗಿ ರಂಧ್ರ ಮುಚ್ಚುತ್ತದೆ. 1990ರಲ್ಲಿ ವಿಜ್ಞಾನಿಗಳು ಕನ್ನೆ ಸೊಪ್ಪಿನ ಜಾತಿಯ ಕಳೆಯೊಂದರ ಕಾವಲು ಕೋಶದೊಳಗೆ ಇನೋಸಿಟಾಲ್ ಟ್ರೈಫಾಸ್ಫೇಟ್ ಎಂಬ ಅಣುವನ್ನು ಬಿಡುಗಡೆ ಮಾಡಿದಾಗ ಹೀಗೆಯೇ ಆಯಿತು.

ಮುಚ್ಚಿದ ರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಕೂಡ ಒಳಬಾರದು, ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದ ತೇವವಿಲ್ಲದಾಗ ಯೂರಿಯಾ ಮೇಲುಗೊಬ್ಬರ ಕೊಡದೆ, ಎಡೆಕುಂಟೆ ಹೊಡೆದು ಇರುವ ತೇವ ಕಾಯ್ದುಕೊಳ್ಳುವುದು ಲೇಸು.