ಜೀನಿನ ಕಂಬಳಿಯ ತೇವ: ಲಾಯದಲ್ಲಿ ಒಣಗಿಸುವ ಮತ್ತು ಇರಿಸುವ ಕ್ರಮ

ಕುದುರೆಯ ಬೆನ್ನಿಗೂ ಜೀನಿಗೂ ನಡುವೆ ಹಾಸುವ ಉಣ್ಣೆಯ ಕಂಬಳಿಗೆ ಮೂರು ಕೆಲಸಗಳುಂಟು: ಸವಾರನ ಭಾರವನ್ನು ಹಂಚುವುದು, ಜೀನು ಉಜ್ಜದಂತೆ ತಡೆಯುವುದು, ಬೆವರನ್ನು ಹೀರುವುದು. ಮೂರನೆಯ ಕೆಲಸವನ್ನು ಚೆನ್ನಾಗಿ ಮಾಡಿದ ಕಂಬಳಿಯೇ, ಆರೈಕೆ ತಪ್ಪಿದಲ್ಲಿ, ಮೊದಲಿನ ಎರಡಕ್ಕೂ ಅನರ್ಹವಾಗುತ್ತದೆ. ಮಳೆಗಾಲದಲ್ಲಿ ಲಾಯಗಳಲ್ಲಿ ಒಂದು ಸಂಗತಿ ಕಾಣಬರುತ್ತದೆ. ಹಿಂದಿನ ಮಧ್ಯಾಹ್ನ ಒಣಗಿದ್ದ ಕಂಬಳಿ ಮರುದಿನ ಬೆಳಿಗ್ಗೆ ಮತ್ತೆ ತೇವವಾಗಿರುತ್ತದೆ. ಚಾವಣಿ ಸೋರಿರುವುದಿಲ್ಲ, ನೀರು ಚೆಲ್ಲಿರುವುದೂ ಇಲ್ಲ. ಈ ನೀರು ಬಂದುದೆಲ್ಲಿಂದ? ಈ ಪ್ರಶ್ನೆಯ ಮೂಲಕ ಕಂಬಳಿಯ ಆರೈಕೆಯ ಕ್ರಮವನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಉಣ್ಣೆ ಮತ್ತು ಉಪ್ಪು

ಉಣ್ಣೆಯು ಗಾಳಿಯಲ್ಲಿನ ಆವಿಯನ್ನು ತನ್ನ ಎಳೆಯೊಳಕ್ಕೆ ಸೆಳೆಯುತ್ತದೆಂಬುದು ಸುವಿದಿತ. ಸಾಪೇಕ್ಷ ಆರ್ದ್ರತೆ ಶೇಕಡ 65 ಇರುವಾಗ ಶುದ್ಧವಾದ ಉಣ್ಣೆ ತನ್ನ ಒಣತೂಕದ ಸುಮಾರು ಶೇಕಡ 16ರಷ್ಟು ನೀರನ್ನು ಹಿಡಿದಿರುತ್ತದೆ. ಗಾಳಿ ಆವಿಯಿಂದ ಪೂರ್ಣವಾಗಿ ತುಂಬಿದಾಗ ಈ ಪ್ರಮಾಣ ಶೇಕಡ 30ನ್ನು ಮೀರುತ್ತದೆ. ಆದರೂ ಈ ನೀರು ಎಳೆಯೊಳಗೆ ಅಡಗಿರುವುದರಿಂದ ಮುಟ್ಟಿದ ಕೈಗೆ ಒದ್ದೆಯೆಂದು ತೋರುವುದು ಕಡಿಮೆ. ಬೆವರು ಕುಡಿದ ಕಂಬಳಿ ಕೈಗೆ ಒದ್ದೆಯಾಗುವುದಕ್ಕೆ ಬಹುಮಟ್ಟಿಗೆ ಕಾರಣ ಉಣ್ಣೆಯಲ್ಲ, ಉಣ್ಣೆಯಲ್ಲಿ ಉಳಿದ ಉಪ್ಪು.

ಮನುಷ್ಯನ ಬೆವರಿನಲ್ಲಿ ಲವಣಾಂಶವು ಅವನ ರಕ್ತರಸದಲ್ಲಿರುವುದಕ್ಕಿಂತ ಕಡಿಮೆ. ಕುದುರೆಯ ವಿಷಯ ಹಾಗಲ್ಲ. ಅದರ ಬೆವರಿನ ಲವಣಾಂಶ ರಕ್ತರಸದ್ದಕ್ಕೆ ಸಮನಾಗಿಯೋ ಅದಕ್ಕಿಂತ ಹೆಚ್ಚಾಗಿಯೋ ಇರುತ್ತದೆ. ಒಂದು ಲೀಟರು ಬೆವರಿನಲ್ಲಿ ಸುಮಾರು 10 ಗ್ರಾಂ ಲವಣಗಳಿದ್ದು, ಅವುಗಳಲ್ಲಿ ಹೆಚ್ಚಿನ ಪಾಲು ಅಡಿಗೆಯ ಉಪ್ಪೇ. ಇದಲ್ಲದೆ ಲ್ಯಾಥೆರಿನ್ ಎಂಬ ಒಂದು ಪ್ರೋಟೀನು ಅದರಲ್ಲಿದೆ. ಓಡಿಬಂದ ಕುದುರೆಯ ಮೈಮೇಲೆ, ಜೀನಿನ ಅಂಚಿನಲ್ಲಿ ಕಾಣುವ ಬಿಳಿಯ ನೊರೆಗೆ ಇದೇ ಕಾರಣ. ಕೂದಲನ್ನು ಬೇಗ ನೆನೆಸುವ ಗುಣವುಳ್ಳ ಈ ವಸ್ತುವಿನಿಂದ ಬೆವರು ಕಂಬಳಿಯೊಳಕ್ಕೂ ಸುಲಭವಾಗಿ ಇಳಿಯುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಒಂದು ಸವಾರಿಯಲ್ಲಿ ಕಂಬಳಿ ಕಾಲು ಲೀಟರು ಬೆವರನ್ನು ಹೀರಿತೆಂದು ಭಾವಿಸಿದರೆ, ನೀರು ಆರಿದ ಮೇಲೆ ಅದರಲ್ಲಿ ಎರಡೂವರೆ ಗ್ರಾಂ ಉಪ್ಪು ನಿಲ್ಲುತ್ತದೆ. ತೊಳೆಯದೆ ಹತ್ತು ಸವಾರಿಗಳಾದರೆ 25 ಗ್ರಾಂ. ಆರ್ದ್ರತೆ ಶೇಕಡ 75ನ್ನು ದಾಟಿದ ಗಾಳಿಯಲ್ಲಿ ಅಡಿಗೆಯ ಉಪ್ಪು ಆವಿಯನ್ನು ಸೆಳೆದು ತಾನಾಗಿ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಆರ್ದ್ರತೆ ಶೇಕಡ 85ಕ್ಕೆ ಏರಿದರೆ ಒಂದು ಗ್ರಾಂ ಉಪ್ಪು ಸುಮಾರು 4 ಗ್ರಾಂ ನೀರನ್ನು ಹಿಡಿಯುತ್ತದೆ. ಎಂದರೆ ನಮ್ಮ ಕಂಬಳಿಯ 25 ಗ್ರಾಂ ಉಪ್ಪು ಒಂದೇ ರಾತ್ರಿಯಲ್ಲಿ 100 ಗ್ರಾಂವರೆಗೆ ನೀರನ್ನು ಗಾಳಿಯಿಂದಲೇ ತರಬಲ್ಲದು. ಬೆಂಗಳೂರು, ಮೈಸೂರುಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಬೆಳಗಿನ ಆರ್ದ್ರತೆ ಸಾಮಾನ್ಯವಾಗಿ ಶೇಕಡ 80ಕ್ಕೆ ಮೇಲ್ಪಟ್ಟಿರುತ್ತದೆ. ಮೈಸೂರಿನ ಅಶ್ವಾರೋಹಿ ಪೊಲೀಸರ ಕುದುರೆಗಳು ದಸರೆಯ ಮೆರವಣಿಗೆಗೆ ಸಿದ್ಧವಾಗುವುದು ಮಳೆಗಾಲ ಇನ್ನೂ ಮುಗಿಯದಿರುವಾಗಲೇ ಎಂಬುದನ್ನು ನೆನೆದರೆ ಈ ವಿಚಾರದ ಪ್ರಯೋಜನ ಸ್ಪಷ್ಟವಾದೀತು.

ತೇವದಿಂದಾಗುವ ಹಾನಿ

ನೀರು ಆರುವಾಗ ಉಪ್ಪು ನೀರಿನೊಡನೆ ಸಾಗಿ, ಆವಿಯೇಳುವ ಮೇಲ್ಮೈಯಲ್ಲಿ ಹರಳುಗಟ್ಟುತ್ತದೆ. ಆದುದರಿಂದ ತೊಳೆಯದ ಕಂಬಳಿಯ ಬೆವರಿನ ಮಗ್ಗುಲನ್ನು ಗಾಳಿಗೊಡ್ಡಿ ಒಣಗಿಸಿದರೆ, ಕುದುರೆಯ ಚರ್ಮಕ್ಕೆ ತಗಲುವ ಮಗ್ಗುಲಿಗೇ ಉಪ್ಪು ಬಂದು ಸೇರುತ್ತದೆ. ಅದು ಉದುರಿದ ಕೂದಲು, ಮಣ್ಣುಗಳೊಡನೆ ಸೇರಿ ಗಟ್ಟಿಯಾದ ಗಂಟಾಗುತ್ತದೆ. ಸವಾರನ ಭಾರ ಬಿದ್ದಾಗ ಆ ಗಂಟಿನ ಕೆಳಗಣ ಚರ್ಮ ಉಜ್ಜಿ, ಬೆನ್ನುಹುಣ್ಣು ಹುಟ್ಟುತ್ತದೆ. ಮಾತು ಬಾರದ ಪ್ರಾಣಿ ಮೈ ಕೊಸರಿಯೋ, ಬೆನ್ನು ತಗ್ಗಿಸಿಯೋ ನೋವನ್ನು ಸೂಚಿಸಬೇಕಷ್ಟೆ; ಅದನ್ನು ಮೊಂಡುತನವೆಂದು ತಿಳಿಯುವ ಸವಾರರೂ ಉಂಟು.

ಇತರ ಹಾನಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕುದುರೆಯ ಮೂತ್ರದ ಯೂರಿಯಾ ಸೂಕ್ಷ್ಮಜೀವಿಗಳಿಂದ ಒಡೆದು ಅಮೋನಿಯ ಹುಟ್ಟುತ್ತದೆ. ಅದು ತೇವದ ಪೊರೆಯಲ್ಲಿ ಕರಗಿ ಕ್ಷಾರವಾಗುತ್ತದೆ. ಕ್ಷಾರವು ಉಣ್ಣೆಗೆ ಹಾನಿಕರ. ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಬೆವರಿನ ಕೊಳೆ ಸೇರಿದ ಉಣ್ಣೆಯೆಂದರೆ ನುಸಿಯ ಮರಿಗಳಿಗೆ ಬಲು ಇಷ್ಟ. ಟ್ರೈಕೊಫೈಟಾನ್ ಇಕ್ವೈನಮ್ ಎಂಬ ಶಿಲೀಂಧ್ರದಿಂದ ಬರುವ ಹುಳುಕಡ್ಡಿ, ಒಂದೇ ಕಂಬಳಿಯನ್ನು ಹಲವು ಕುದುರೆಗಳಿಗೆ ಬಳಸಿದಾಗ ಹರಡುತ್ತದೆ. ಅದರ ಬೀಜಕಣಗಳು ತಿಂಗಳುಗಟ್ಟಲೆ ಬದುಕಿರಬಲ್ಲವು.

ಒಣಗಿಸುವ ಕ್ರಮ

ಮೇಲಿನ ವಿಚಾರದಿಂದ ಒಂದು ನಿಯಮ ಸಿದ್ಧವಾಗುತ್ತದೆ: ನೀರನ್ನು ತೆಗೆಯುವ ಮೊದಲು ಉಪ್ಪನ್ನು ತೆಗೆಯಬೇಕು. ಸವಾರಿ ಮುಗಿದೊಡನೆ ಕೂದಲನ್ನೂ ಮಣ್ಣನ್ನೂ ಕುಂಚದಿಂದ ಉದುರಿಸಿ, ಬೆವರಿನ ಮಗ್ಗುಲನ್ನು ತಣ್ಣೀರಿನಿಂದ ತೊಳೆಯಬೇಕು. ಉಪ್ಪು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಇದಕ್ಕೆ ಸಾಬೂನು ಬೇಡ; ಸೋಡಾ ಸರ್ವಥಾ ಕೂಡದು. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಎಳೆಗಳ ಹೊರಮೈಯ ಹುರುಪೆಗಳು ಒಂದಕ್ಕೊಂದು ಸಿಕ್ಕಿ ಕಂಬಳಿ ಕುಗ್ಗಿ ಗಡುಸಾಗುತ್ತದೆ. ಹಿಂಡಿ ತಿರುಚದೆ, ಒತ್ತಿ ನೀರನ್ನು ಇಳಿಸಬೇಕು. ಹುಣಸೆಬೀಜದ ಗಂಜಿ ಹಾಕಿ ನೇಯ್ದ ನಮ್ಮ ನಾಡಿನ ಕಂಬಳಿಯನ್ನು ಬಳಸುವುದಾದರೆ, ಮೊದಲ ಬಳಕೆಗೆ ಮುನ್ನವೇ ಗಂಜಿಯನ್ನು ತೊಳೆದು ತೆಗೆಯುವುದು ಲೇಸು. ಗಂಜಿ ಬೂಷ್ಟಿಗೆ ಆಹಾರ.

ಅನಂತರ ಒಂದಡಿ ಅಂತರದ ಎರಡು ಬಿದಿರ ಗಳಗಳ ಮೇಲೆ ಕಂಬಳಿಯನ್ನು ಹರಡಬೇಕು. ಒಂದೇ ಗಳದ ಮೇಲೆ ಮಡಿಸಿ ಹಾಕಿದರೆ ಒಳಮಗ್ಗುಲುಗಳು ಒಂದಕ್ಕೊಂದು ಅಂಟಿ ಗಾಳಿಯಾಡುವುದಿಲ್ಲ. ಗಾಳಿಯಿರುವ ನೆರಳು ಉತ್ತಮ. ಬಹುಕಾಲದ ಕಡುಬಿಸಿಲು ಎಳೆಯನ್ನು ದುರ್ಬಲಗೊಳಿಸುತ್ತದೆ. ಮಳೆ ಬಿಡದ ದಿನಗಳಲ್ಲಿ ಕೋಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೂ ಸಾಕು: 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡ 85 ಆರ್ದ್ರತೆಯುಳ್ಳ ಗಾಳಿ 27 ಡಿಗ್ರಿಗೆ ಏರಿದರೆ, ಅದೇ ಆವಿಯೊಡನೆ ಅದರ ಆರ್ದ್ರತೆ ಸುಮಾರು ಶೇಕಡ 63ಕ್ಕೆ ಇಳಿಯುತ್ತದೆ. ಆಗ ಉಪ್ಪು ಕರಗುವ ಮಿತಿಗಿಂತ ನಾವು ಕೆಳಗಿರುತ್ತೇವೆ.

ಇರಿಸುವ ಕ್ರಮ

ಕುದುರೆಗಳು ನಿಲ್ಲುವ ಸಾಲಿನಲ್ಲಿ ಅವುಗಳ ಉಸಿರಿನ ಆವಿಯೂ ಅಮೋನಿಯವೂ ಸದಾ ಇರುವುದರಿಂದ ಕಂಬಳಿಗಳಿಗೆ ಬೇರೆ ಕೋಣೆ ಬೇಕು. ಅದರ ಕಿಟಕಿಗಳನ್ನು ರಾತ್ರಿ ಮತ್ತು ಬೆಳಿಗ್ಗೆ ಮುಚ್ಚಿ, ಹೊರಗಿನ ಆರ್ದ್ರತೆ ಇಳಿಯುವ ಮಧ್ಯಾಹ್ನ ತೆರೆಯಬೇಕು. ಕಂಬಳಿಗಳನ್ನು ಒಂದರ ಮೇಲೊಂದು ಒಟ್ಟದೆ, ಗೋಡೆಗೆ ತಗಲದಂತೆ ತೂಗಹಾಕಿ, ಪ್ರತಿಯೊಂದರ ಮೇಲೂ ಅದರ ಕುದುರೆಯ ಗುರುತನ್ನು ಹೊಲಿಯುವುದು ಅವಶ್ಯಕ.

ಪ್ರಯೋಗಶಾಲೆಗೆ ಒಂದು ಸೂಚನೆ

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಸಮತೂಕದ ಎರಡು ಕಂಬಳಿಯ ತುಂಡುಗಳಲ್ಲಿ ಒಂದನ್ನು ಭಟ್ಟಿ ಇಳಿಸಿದ ನೀರಿನಲ್ಲಿಯೂ ಇನ್ನೊಂದನ್ನು ಶೇಕಡ 1ರ ಉಪ್ಪುನೀರಿನಲ್ಲಿಯೂ ನೆನೆಸಿ ಒಣಗಿಸಿ, ಮಳೆಗಾಲದ ಒಂದು ವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ ತೂಗಿ, ಆರ್ದ್ರತೆಯೊಡನೆ ಗುರುತಿಸಬೇಕು. ತೊಳೆದ ಕಂಬಳಿಯಲ್ಲಿ ಉಪ್ಪು ಉಳಿದಿದೆಯೇ ಎಂಬುದನ್ನು, ಕೊನೆಯ ತೊಳೆನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಕೆಲವು ಹನಿಗಳನ್ನು ಹಾಕಿ ತಿಳಿಯಬಹುದು. ಬಾವಿಯ ನೀರಿನಲ್ಲಿಯೂ ಕ್ಲೋರೈಡ್ ಇರುವ ಕಾರಣ, ತೊಳೆಯುವ ಮೊದಲಿನ ನೀರನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಎರಡರ ಬಿಳಿಯ ಕದಡು ಸಮನಾದಾಗ ಉಪ್ಪು ಹೋಯಿತೆಂದು ತಿಳಿದು, ಕಂಬಳಿಯನ್ನು ಗಳಕ್ಕೆ ಏರಿಸಬಹುದು.