ಗಳಿಗೆಗೊಮ್ಮೆ ಬದಲಾಗುವ ಹಾದಿ

ಸಣ್ಣ ಅಲೆಯ ಬಾನುಲಿಯನ್ನು ಕೇಳಿ ಬೆಳೆದ ಹಿರಿಯರಿಗೆ ಅದರ ಚಂಚಲ ಸ್ವಭಾವ ಮರೆತಿರಲಾರದು. ದೂರದೇಶದ ಗಾಯನ ತಾರಕಕ್ಕೇರುವ ಹೊತ್ತಿಗೆ ಸರಿಯಾಗಿ ಧ್ವನಿ ಕ್ಷೀಣಿಸುತ್ತಿತ್ತು. ಮರುಗಳಿಗೆಯಲ್ಲಿ ತಾನಾಗಿಯೇ ಮರಳುತ್ತಿತ್ತು. ಮನೆಯ ಯಜಮಾನರು ಪೆಟ್ಟಿಗೆಯ ಮೇಲೆ ಎರಡೇಟು ಹಾಕುತ್ತಿದ್ದುದೂ ಉಂಟು. ಪಾಪ, ಅನೇಕ ವೇಳೆ ತಪ್ಪು ಪೆಟ್ಟಿಗೆಯದಲ್ಲ, ಹಾದಿಯದು!

ನಿಸ್ತಂತು ಅಲೆ ಒಂದೇ ಹಾದಿಯಿಂದ ಬರುವುದಿಲ್ಲ. ಸಣ್ಣ ಅಲೆಗೆ ಮೇಲಿನ ಅಯಾನುಮಂಡಲ, ಇಂದಿನ ಮೊಬೈಲಿಗೆ ಗೋಡೆ, ಕಟ್ಟಡ, ವಾಹನಗಳು ಕನ್ನಡಿಗಳಾಗುತ್ತವೆ. ಹಲವು ದಾರಿಗಳಿಂದ ಬಂದ ಅಲೆಗಳಲ್ಲಿ ಉಬ್ಬಿಗೆ ಉಬ್ಬು ಕೂಡಿದರೆ ದನಿ ಬಲಗೊಳ್ಳುತ್ತದೆ. ಉಬ್ಬಿಗೆ ತಗ್ಗು ಎದುರಾದರೆ ಅಡಗುತ್ತದೆ.

ದೂರ ದೂರ ನೆಟ್ಟ ಆಂಟೆನಾಗಳಲ್ಲಿ ಈ ಕ್ಷಯ ಏಕಕಾಲಕ್ಕೆ ಸಂಭವಿಸುವುದಿಲ್ಲವೆಂಬುದನ್ನು ಅಮೆರಿಕದ ಆರ್‌ಸಿಎ ಸಂಸ್ಥೆಯ ಬೆವರೇಜ್ ಮತ್ತು ಪೀಟರ್ಸನ್ ಬಳಸಿಕೊಂಡರು. ಹಲವು ಆಂಟೆನಾಗಳ ತಮ್ಮ ಗ್ರಾಹಕ ವ್ಯವಸ್ಥೆಯನ್ನು ಅವರು 1931ರಲ್ಲಿ ವಿವರಿಸಿದರು. ಒಂದು ಕಿವಿ ಮಂದವಾದಾಗ ಇನ್ನೊಂದು ಕಿವಿ ಕೇಳುವ ಉಪಾಯವಿದು.

ಆರು ದಶಕಗಳ ಬಳಿಕ ಭಾರತೀಯರೊಬ್ಬರು ಮುಂದಿನ ಹೆಜ್ಜೆಯಿಟ್ಟರು. ಭಾರತೀಯ ನೌಕಾಪಡೆಗಾಗಿ ಸೋನಾರ್ ನಿರ್ಮಾಣದ ಹೊಣೆ ಹೊತ್ತಿದ್ದ, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರೇ ಆ ವಿಜ್ಞಾನಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದ ಅವರು, ಅನೇಕ ಆಂಟೆನಾಗಳಿಂದ ಒಂದೇ ಕಂಪನಾಂಕದಲ್ಲಿ ಬೇರೆ ಬೇರೆ ಸಂದೇಶಗಳನ್ನು ಒಟ್ಟಿಗೆ ಕಳುಹಿಸಬಹುದೆಂದು ತೋರಿಸಿದರು. ಅವರಿಗೂ ಥಾಮಸ್ ಕೈಲತ್ ಅವರಿಗೂ 1994ರಲ್ಲಿ ಪೇಟೆಂಟು ದೊರೆಯಿತು. ಶತ್ರುವೆನಿಸಿದ್ದ ಅಲೆಗಳ ಚದುರುವಿಕೆಯೇ ಇಲ್ಲಿ ಮಿತ್ರನಾಯಿತು! ಈ ಸಾಧನೆಗೆ 2014ರಲ್ಲಿ ಪಾಲ್‌ರಾಜರಿಗೆ ಮಾರ್ಕೋನಿ ಬಹುಮಾನ ಸಂದಿತು.

ಆದರೆ ಈ ಮೈತ್ರಿಗೆ ಒಂದು ಕರಾರುಂಟು. ಎರಡೂ ಕಡೆ ನಾಲ್ಕು ನಾಲ್ಕು ಆಂಟೆನಾಗಳಿದ್ದರೆ ನಡುವೆ 16 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯ ನಡುವಿನ ಹಾದಿಯ ಗುಣ ತಿಳಿದಿದ್ದರೆ ಮಾತ್ರ ಬೆರೆತ ಸಂದೇಶಗಳನ್ನು ಬಿಡಿಸಲು ಸಾಧ್ಯ. ಅದಕ್ಕಾಗಿ ಉಭಯತ್ರರಿಗೂ ಮೊದಲೇ ಗೊತ್ತಿರುವ 'ಪೈಲಟ್' ಸಂಕೇತವೊಂದನ್ನು ಆಗಾಗ ಕಳುಹಿಸುತ್ತಾರೆ. ಬಂದದ್ದನ್ನು ಬರಬೇಕಾದುದರೊಡನೆ ಹೋಲಿಸಿದರೆ ಹಾದಿಯ ಗುಣ ತಿಳಿಯುತ್ತದೆ.

2,400 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರು. ಅದರ ಅರ್ಧದಷ್ಟು ಸರಿದರೂ ಹಾದಿಯ ಚಿತ್ರವೇ ಬೇರೆಯಾಗಬಹುದು. ಗಂಟೆಗೆ 60 ಕಿಲೋಮೀಟರು ಓಡುವ ಬಸ್ಸು ಅಷ್ಟು ಸರಿಯಲು 4 ಮಿಲಿಸೆಕೆಂಡೂ ಬೇಡ!

ಒಲೆಯ ಮೇಲೆ ಹಾಲಿಟ್ಟ ಗೃಹಿಣಿಯ ಪೇಚಾಟವೇ ಯಂತ್ರದ್ದೂ ಹೌದು. ಸದಾ ನೋಡುತ್ತ ನಿಂತರೆ ಬೇರೆ ಕೆಲಸ ಸಾಗದು. ಮರೆತರೆ ಹಾಲು ಉಕ್ಕುತ್ತದೆ. ಪೈಲಟ್ ಹೆಚ್ಚಾದರೆ ಸಂದೇಶಕ್ಕೆ ಎಡೆಯಿಲ್ಲ. ಕಡಿಮೆಯಾದರೆ ಹಳಸಿದ ತಿಳಿವಳಿಕೆಯಿಂದ ಸಂದೇಶಗಳೆಲ್ಲ ಕಲಸುಮೇಲೋಗರ. ಆದ್ದರಿಂದ ಹಾದಿ ನಿಜವಾಗಿ ಬದಲಾದುದನ್ನು ಗುರುತಿಸುವುದೇ ಜಾಣತನ. ಹೊಸ 16 ಅಳತೆಗಳನ್ನು ಹಳೆಯವುಗಳೊಡನೆ ಹೋಲಿಸಿ, ವ್ಯತ್ಯಾಸ ಗೊತ್ತಾದ ಮಿತಿಯನ್ನು ಮೀರಿದರೆ ಬದಲಾವಣೆಯೆಂದು ಸಾರುತ್ತಾರೆ. ಮಿತಿ ತೀರ ಕೆಳಗಿದ್ದರೆ ಗದ್ದಲವೇ ಬದಲಾವಣೆಯಂತೆ ತೋರೀತು. ಮೇಲಿದ್ದರೆ ನಿಜವಾದುದೇ ತಪ್ಪಿಹೋದೀತು. ಇಲ್ಲಿ ಅನೇಕ ಆಂಟೆನಾಗಳ ಸಾಕ್ಷ್ಯ ಉಪಕಾರಿ: ಗದ್ದಲ ಒಂದೊಂದರಲ್ಲೂ ಒಂದೊಂದು ಬಗೆ; ನಿಜವಾದ ಬದಲಾವಣೆಯಾದರೋ ಹಲವು ಹಾದಿಗಳಲ್ಲಿ ಒಟ್ಟಿಗೆ ಗುರುತು ಬಿಡುತ್ತದೆ.

ಈ ವಿದ್ಯೆಗೆ ಇನ್ನೊಂದು ಮುಖವಿದೆ. ಕೋಣೆಯಲ್ಲಿ ಮನುಷ್ಯ ನಡೆದಾಡಿದರೂ ವೈಫೈ ಅಲೆಗಳ ಹಾದಿ ಬದಲಾಗುತ್ತದೆ. ಒಂಟಿಯಾಗಿರುವ ವೃದ್ಧರು ಬಿದ್ದರೆ ಕ್ಯಾಮೆರಾ ಇಲ್ಲದೆಯೇ ತಿಳಿಯುವ ಪ್ರಯೋಗಗಳು ಇದನ್ನೇ ಆಧರಿಸಿವೆ. ಅದೇ ಅಲೆ ಗೋಡೆಯಾಚೆಗೂ ಹರಿಯುತ್ತದೆ. ಮನೆಯೊಳಗೆ ಯಾರಾದರೂ ಓಡಾಡುತ್ತಿರುವರೇ ಎಂಬುದನ್ನು ಹೊರಗಿನವನೂ ಊಹಿಸಬಲ್ಲ. ಬಾಗಿಲಿಗೆ ಅಗಳಿ ಹಾಕುವುದನ್ನು ಮನುಷ್ಯ ಎಂದೋ ಕಲಿತ. ಅಲೆಗೆ ಅಗಳಿ ಹಾಕುವುದನ್ನು ಇನ್ನು ಕಲಿಯಬೇಕಾಗಿದೆ.